ಎಂಟಿನಾ, ಸಿಎಸ್‌ಇಎಂಮಾ? ಸಮುದ್ರತಳದ ಕಲ್ಲಿಗೆ ಯಾವ್ದು ಸರಿ

ಬೆಂಗಳೂರಲ್ಲಿ ಕೂತ್ಕೊಂಡು ಆಳ ಸಮುದ್ರದ ತಳದ ಕಲ್ಲಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ಪ್ರಾಜೆಕ್ಟ್ ಮಾಡ್ಬೇಕು ಅನ್ನೋರು ಮೊದ್ಲು ಎಷ್ಟು ಆಳ ನೋಡ್ಬೇಕು ಅಂತ ಡಿಸೈಡ್ ಮಾಡ್ಕೊಳ್ಳಿ. ಕರೆಂಟ್ ಹರಿಯೋದನ್ನ ಅಳೆಯೋಕೆ ಎರಡು ದಾರಿ ಇದೆ: ಒಂದು ಎಂಟಿ, ಇನ್ನೊಂದು ಸಿಎಸ್‌ಇಎಂ (ಕಂಟ್ರೋಲ್ಡ್ ಸೋರ್ಸ್ ಎಲೆಕ್ಟ್ರೋಮ್ಯಾಗ್ನೆಟಿಕ್ಸ್, ಅಂದ್ರೆ ಸಿಗ್ನಲ್ ನಾವೇ ಕಳ್ಸೋದು).

ಮ್ಯಾಗ್ನೆಟೋಟೆಲ್ಯೂರಿಕ್ಸ್, ಅಂದ್ರೆ ಎಂಟಿಲಿ, ನಾವು ಕರೆಂಟ್ ಕೊಡೋದೇ ಇಲ್ಲ, ಸೌರಮಾರುತ ಭೂಮಿಯ ಕಾಂತಕ್ಷೇತ್ರನ ಅಲ್ಲಾಡಿಸುತ್ತಲ್ಲ ಅದನ್ನೇ ತಳದಲ್ಲಿ ಬಿಟ್ಟ ರಿಸೀವರ್ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ರೆಕಾರ್ಡ್ ಮಾಡ್ತಾ ಕೂತಿರುತ್ತೆ. ನೂರಾರು ಕಿಲೋಮೀಟರ್ ಕೆಳಗಿನ ಮ್ಯಾಂಟಲ್ (ಭೂಮಿಯ ಹೊರಚಿಪ್ಪಿನ ಕೆಳಗಿನ ಪದರ) ತನಕ ಮಾಹಿತಿ ಸಿಗುತ್ತೆ, ಕರಗಿದ ಕಲ್ಲಿದ್ರೆ ಚೆನ್ನಾಗಿ ಕಾಣುತ್ತೆ. ಆದ್ರೆ ಉಪ್ಪುನೀರು ಹೈ ಫ್ರೀಕ್ವೆನ್ಸಿನೆಲ್ಲ ನುಂಗಾಕ್ಬಿಡುತ್ತೆ, ಮೇಲಿನ ಪದರ ಮಸುಕು.

ಸಿಎಸ್‌ಇಎಂಗೆ ಅದೇ ಉಪ್ಪುನೀರು ಲಾಭ (ನಂಗೆ ಇದು ಸಖತ್ ಇಷ್ಟ). ಹಡಗು ತಳದ ಹತ್ರನೇ ಟ್ರಾನ್ಸ್‌ಮಿಟರ್ ಎಳ್ಕೊಂಡು ಹೋಗುತ್ತೆ, ಸಾಮಾನ್ಯವಾಗಿ 0.1ರಿಂದ 10 ಹರ್ಟ್ಸ್, ನೀರಲ್ಲಿ ಹೋದ ಸಿಗ್ನಲ್ ಬೇಗ ಸಾಯುತ್ತೆ, ದೂರದ ರಿಸೀವರ್‌ಗೆ ತಲುಪೋದು ಹೆಚ್ಚಾಗಿ ಕಲ್ಲಲ್ಲಿ ಹೋಗಿದ್ದೇ. ಎಣ್ಣೆ, ಗ್ಯಾಸ್ ಹೈಡ್ರೇಟ್ (ಒಳಗೆ ಗ್ಯಾಸ್ ಸಿಕ್ಕಾಕ್ಕೊಂಡಿರೋ ಐಸ್‌ನಂಥದ್ದು) ತರ ಕರೆಂಟ್ ತಡೆಯೋ ಪದರಕ್ಕೆ ಇದೇ ಬೆಸ್ಟ್, 2000ದಲ್ಲಿ ಅಂಗೋಲಾ ಹತ್ರ ಎಣ್ಣೆ ಕಂಪನಿಯೋರು ಟ್ರೈ ಮಾಡಿದ್ದೂ ಇದಕ್ಕೇ. ಆಳ ಮಾತ್ರ ಕೆಲವೇ ಕಿಲೋಮೀಟರ್, ಹಡಗಿನ ಖರ್ಚೂ ಜಾಸ್ತಿ.

ಕೃಷ್ಣಾ-ಗೋದಾವರಿ ಬೇಸಿನ್ ಹೈಡ್ರೇಟ್ ಅಂದ್ರೆ ಕಣ್ಮುಚ್ಚಿ ಸಿಎಸ್‌ಇಎಂ. ಮ್ಯಾಂಟಲ್ ಹುಚ್ಚಿದ್ರೆ ಎಂಟಿ. ರಿಸೀವರ್ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, ಒಂದೇ ಟ್ರಿಪ್‌ನಲ್ಲಿ ಎರಡೂ ಡೇಟಾ ತರೋರೂ ಇದಾರೆ.