ಆಮೆಗೆ ಇಂಜೆಕ್ಷನ್ ಹಾಕ್ತೀನಿ ಅಂತ ಮನೆಗೆ ಬರೋರನ್ನ ನಂಬಬೇಡಿ

ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತಿದೀನಿ. ಬೆಂಗಳೂರಲ್ಲಿ ಆಮೆ, ಇಗುವಾನಾ ಸಾಕಿರೋರು ದಯವಿಟ್ಟು ಪೂರ್ತಿ ಓದಿ.

ನಮ್ಮದು ಕೆಂಪು ಕಿವಿಯ ಆಮೆ, ಅಂಗಡಿಯಲ್ಲಿ ರೆಡ್ ಇಯರ್ಡ್ ಸ್ಲೈಡರ್ ಅಂತಾರಲ್ಲ, ಅದು. ಏಳು ವರ್ಷ ಮಗಳ ಜೊತೆಗೇ ಬೆಳೆದದ್ದು. ಡಿಸೆಂಬರ್ ಚಳಿಯಲ್ಲೂ ಟಬ್ಬು ಬಾಲ್ಕನಿಯಲ್ಲೇ ಇತ್ತು. ಅದು ನಮ್ಮ ತಪ್ಪು, ಒಪ್ಕೋತೀನಿ. ಊಟ ಬಿಡ್ತು. ಮೂಗಲ್ಲಿ ಗುಳ್ಳೆ ಬಂತು. ಆಮೇಲೆ ಈಜುವಾಗ ಒಂದು ಪಕ್ಕಕ್ಕೆ ವಾಲ್ಕೊಂಡು ತೇಲೋಕೆ ಶುರುಮಾಡ್ತು. ನಮ್ಮ ಏರಿಯಾದ ನಾಯಿ ಡಾಕ್ಟರು "ಆಮೆ ನಾನು ನೋಡಲ್ಲಮ್ಮ" ಅಂದ್ರು. ಅಕ್ವೇರಿಯಂ ಅಂಗಡಿಯವನು, ಮನೆಗೇ ಬಂದು ಇಂಜೆಕ್ಷನ್ ಹಾಕೋ ಒಬ್ಬನ ನಂಬರ್ ಕೊಟ್ಟ.

ಆತ ಅವತ್ತು ಸಂಜೆನೇ ಬಂದ. ಕೈಯಲ್ಲಿ ಎತ್ತಿ ನೋಡಿದ. "ನ್ಯುಮೋನಿಯಾ ಮೇಡಂ, ಐದು ದಿನ ಇಂಜೆಕ್ಷನ್, ಸರಿಹೋಗತ್ತೆ." ದಿನಕ್ಕೆ 1,200 ರೂಪಾಯಿ. ಐದು ದಿನ, ದಿನಾ, ಹಿಂಗಾಲಿಗೆ. ನಾನೇ ಅದನ್ನ ಟವೆಲಲ್ಲಿ ಹಿಡ್ಕೊಂಡಿದ್ದೆ. ನಾನೇ ಹಿಡ್ಕೊಂಡಿದ್ದೆ! ಐದನೇ ದಿನ "ಹುಳದ್ದೂ ಒಂದು ಹಾಕಿಬಿಡೋಣ, ಐವರ್ಮೆಕ್ಟಿನ್" ಅಂದ. ದುಡ್ಡು ಜಾಸ್ತಿ ಆಯ್ತು ಅಂತ ಬೇಡ ಅಂದೆ. ಆಮೆ ಜಾತಿಗೆ ಆ ಔಷಧಿ ವಿಷ ಅಂತ ಆಗ ನನಗೆ ಗೊತ್ತಿರಲಿಲ್ಲ.

ಆರನೇ ದಿನ ಅದು ಕಣ್ಣೇ ಬಿಡಲಿಲ್ಲ. ಆತ ಬಿಟ್ಟುಹೋಗಿದ್ದ ಖಾಲಿ ಬಾಟಲಿ ಇಟ್ಕೊಂಡು ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆಗೆ ಹೋದ್ವಿ. ಅಲ್ಲಿ ಡಾಕ್ಟರು ಮುಟ್ಟಿ ನೋಡೋಕೂ ಮುಂಚೆ ಆಮೆನ ತಕ್ಕಡಿ ಮೇಲಿಟ್ಟರು. 640 ಗ್ರಾಂ. "ಅವರು ಎಷ್ಟು ತೂಕಕ್ಕೆ ಲೆಕ್ಕ ಹಾಕಿ ಕೊಟ್ರು?" ಅಂತ ಕೇಳಿದ್ರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಐದು ದಿನದಲ್ಲಿ ಆತ ಒಂದು ಸಲವೂ ತೂಕ ಹಾಕಿರಲಿಲ್ಲ. ತರಕಾರಿಯವನು ಕಾಲು ಕೆಜಿ ಬೀನ್ಸನ್ನೂ ತೂಗಿ ಕೊಡ್ತಾನೆ, ಇಲ್ಲಿ ನಾನು ಕೇಳಲೇ ಇಲ್ಲ.

ಬಾಟಲಿ ಜೆಂಟಾಮೈಸಿನ್ ಅನ್ನೋ ಆಂಟಿಬಯೋಟಿಕ್‌ದು. ಲೇಬಲ್ ಮೇಲೆ ಹಸುವಿನ ಚಿತ್ರ. ಕಿಡ್ನಿಗೆ ಹೊಡೆತ ಕೊಡೋ ಔಷಧಿಯಂತೆ. ಆಮೆ ತಣ್ಣನೆ ರಕ್ತದ್ದು, ಮೈಯಿಂದ ಔಷಧಿ ಹೊರಗೆ ಹೋಗೋದೇ ನಿಧಾನ, ಚಳಿಯಲ್ಲಂತೂ ಇನ್ನೂ ನಿಧಾನ. ದಿನಾ ಚುಚ್ಚಿದ್ರೆ ಒಳಗೆ ಸೇರ್ಕೋತಾ ಹೋಗತ್ತೆ. ಹಿಂಗಾಲಿನ ರಕ್ತ ಕಿಡ್ನಿ ಮೂಲಕವೇ ಹೋಗಬಹುದು ಅಂತ ಡಾಕ್ಟರುಗಳು ಸಾಮಾನ್ಯವಾಗಿ ಮುಂಗಾಲಿಗೇ ಕೊಡ್ತಾರಂತೆ. ಇಂಥ ಕೇಸಲ್ಲಿ ಸೆಫ್ಟಾಜಿಡಿಮ್ ಅಂತ ಇನ್ನೊಂದಿದೆ, ಅದನ್ನ 72 ಗಂಟೆಗೆ ಒಂದು ಸಲ ಕೊಡ್ತಾರೆ, ಅದೂ ತೂಕ ನೋಡಿ. ಜೊತೆಗೆ ಲ್ಯಾಂಪ್ ಹಾಕಿ ಬೆಚ್ಚಗಿಡಬೇಕು, ಇಲ್ಲಾಂದ್ರೆ ಆಂಟಿಬಯೋಟಿಕ್ ಕೊಟ್ಟೂ ಪ್ರಯೋಜನ ಕಮ್ಮಿ. ಆತ ಐದು ದಿನ ಬಂದು ಹೋದ, ಬಿಸಿ ಬಗ್ಗೆ ಒಂದು ಮಾತೂ ಆಡಲಿಲ್ಲ.

ಡ್ರಿಪ್ಪು, ಲ್ಯಾಂಪು ಎಲ್ಲಾ ಆಯ್ತು. ಒಂಬತ್ತನೇ ದಿನ ಹೋಗಿಬಿಡ್ತು.

ಆತನಿಗೆ ಮೆಸೇಜ್ ಹಾಕಿದೆ. ಮೊದಲ ಉತ್ತರ: "ಎಲ್ಲಾ ಆಮೆಗೂ ಇದೇ ಕೊಡೋದು ಮೇಡಂ." ತೂಕ ಯಾಕೆ ನೋಡಲಿಲ್ಲ ಅಂದೆ. "ಅನುಭವ ಇದೆ, ಕೈಯಲ್ಲೇ ಗೊತ್ತಾಗತ್ತೆ." ರಿಜಿಸ್ಟ್ರೇಷನ್ ನಂಬರ್ ಕೇಳಿದೆ. "ನೀವು ಲೇಟಾಗಿ ಕರೆದಿದ್ದು, ನನ್ನ ಮೇಲೆ ಹಾಕಬೇಡಿ." ಮತ್ತೆ ಕೇಳಿದೆ. ಆಗ ಬಂತು ನೋಡಿ: "ಆಮೆ ತಾನೇ ಮೇಡಂ, ಬೇಕಾದ್ರೆ ಹೊಸದು ತಂದುಕೊಡ್ತೀನಿ." ಅದಾದ್ಮೇಲೆ ಬ್ಲಾಕ್.

ಆಮೆ ತಾನೇ! ಏಳು ವರ್ಷ!

1984ರ ಕಾನೂನಿನ ಪ್ರಕಾರ ಪ್ರಾಣಿಗಳಿಗೆ ಚಿಕಿತ್ಸೆ ಕೊಡೋ ಡಾಕ್ಟರು ಪಶುವೈದ್ಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿರಬೇಕು. ಯಾರೇ ಬರಲಿ, ಸಿರಿಂಜ್ ತೆಗೆಯೋಕೆ ಮುಂಚೆ ಆ ನಂಬರ್ ಕೇಳಿ. ತೂಕ ಹಾಕಿಸಿ. ಔಷಧಿ ಹೆಸರು ಚೀಟಿ ಮೇಲೆ ಬರೆಸ್ಕೊಳ್ಳಿ. ತಡವರಿಸಿದ್ರೆ ಬಾಗಿಲಿಂದಲೇ ಕಳಿಸಿಬಿಡಿ, ಮರ್ಯಾದೆ ನೋಡ್ಬೇಡಿ. ನಾನು ಮರ್ಯಾದೆ ನೋಡಿದೆ, ಕಾಫಿ ಕೂಡ ಮಾಡಿಕೊಟ್ಟೆ.

ಅಂಗಡಿಯವನು ಆ ನಂಬರನ್ನ ಇವತ್ತಿಗೂ ಕೊಡ್ತಿದ್ದಾನೆ. ಮೊನ್ನೆ ನನ್ನೆದುರಿಗೇ ಒಬ್ಬ ಹುಡುಗನಿಗೆ ಕೊಟ್ಟ. ಆ ಹುಡುಗನ್ನ ಹೊರಗೆ ಕರೆದು ಎಲ್ಲಾ ಹೇಳಿ, ಹೆಬ್ಬಾಳಕ್ಕೆ ಹೋಗಪ್ಪ ಅಂದೆ.