30 ಮಿಲಿ ಆಂಪ್ ಆರ್‌ಸಿಸಿಬಿ: ಕೊಳ್ಳುವಾಗ ಮತ್ತು ವರ್ಷಕ್ಕೊಮ್ಮೆ ನೋಡಬೇಕಾದ್ದು

ಡಿಬಿ ಬಾಕ್ಸಿನಲ್ಲಿ (ಮನೆಯ ಎಲ್ಲ ಲೈನುಗಳ ಸ್ವಿಚ್ಚುಗಳಿರುವ ಪೆಟ್ಟಿಗೆ) ಎಂಸಿಬಿ ಇದೆ, ಶಾಕ್ ಹೊಡೆಯುವುದಿಲ್ಲ ಎಂದು ನಂಬಿಕೊಂಡಿರುವ ಮನೆಗಳು ಬಹಳ. ಎಂಸಿಬಿ ಇರುವುದು ವೈರು ಸುಡದಿರಲಿ ಎಂದು. ಗೀಸರಿನ ಮೈಗೆ ಕರೆಂಟ್ ಬಂದು, ಅದು ಮುಟ್ಟಿದವರ ಮೂಲಕ ನೆಲಕ್ಕೆ ಹರಿದರೆ 16 ಆಂಪಿನ ಎಂಸಿಬಿಗೆ ಗೊತ್ತೂ ಆಗುವುದಿಲ್ಲ. ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಲೈನ್ ಕಡಿಯುವ ಸ್ವಿಚ್ಚು) ಮಾತ್ರ ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿ ಆಂಪಿನಷ್ಟು ವ್ಯತ್ಯಾಸ ಬಂದರೆ 0.3 ಸೆಕೆಂಡಿನೊಳಗೆ ಕಡಿದುಹಾಕಬೇಕು. ಹಾಗಾಗಿ ಕೊಟ್ಟ ದುಡ್ಡಿಗೆ ಇಷ್ಟು ಬೆಲೆಬಾಳುವ ಸಾಮಾನು ಡಿಬಿಯಲ್ಲಿ ಇನ್ನೊಂದಿಲ್ಲ.

ಸಿಂಗಲ್ ಫೇಸ್ ಮನೆಗೆ 2 ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) 40 ಆಂಪಿನದು ಸಾಮಾನ್ಯವಾಗಿ ಸಾಕು. ಮೇನ್ ಎಂಸಿಬಿಯ ಆಂಪಿಗಿಂತ ಇದರದ್ದು ಕಡಿಮೆ ಇರಬಾರದು. ಮೈಮೇಲೆ ಐಎಸ್ 12640 ಮತ್ತು ಐಎಸ್‌ಐ ಗುರುತು ನೋಡಿ. ಅಂಗಡಿಯಲ್ಲಿ 100, 300 ಮಿಲಿ ಆಂಪಿನವೂ ಸಿಗುತ್ತವೆ. ಅವು ಬೆಂಕಿ ತಡೆಯಲು, ಮನುಷ್ಯರಿಗಲ್ಲ. ಇನ್ವರ್ಟರ್ ಎಸಿ, ಹೊಸ ವಾಷಿಂಗ್ ಮಷೀನ್ ಇದ್ದರೆ ಆರ್‌ಸಿಸಿಬಿಯಲ್ಲಿ ಅಗ್ಗದ ‘ಎಸಿ’ ಟೈಪ್ ಬಿಟ್ಟು ‘ಎ’ ಟೈಪ್ ತನ್ನಿ. ಅಂಥ ಯಂತ್ರಗಳ ಲೀಕೇಜಿನಲ್ಲಿ ಡಿಸಿ ಅಂಶ ಬೆರೆತಿರುತ್ತದೆ, ಎಸಿ ಟೈಪ್ ಅದನ್ನು ಸರಿಯಾಗಿ ಹಿಡಿಯುವುದಿಲ್ಲ.

ಮಳೆಗಾಲಕ್ಕೆ ಮುಂಚೆ ಪೂರ್ತಿ ತಪಾಸಣೆ ಆಗಲಿ. ಕಂಪ್ಯೂಟರ್ ಆಫ್ ಮಾಡಿ, ಕರೆಂಟ್ ಇರುವಾಗಲೇ ಆರ್‌ಸಿಸಿಬಿಯ ಮೇಲೆ ಟಿ ಎಂದು ಬರೆದ ಬಟನ್ ಒತ್ತಿ. ಲಿವರ್ ಟಕ್ಕನೆ ಕೆಳಗೆ ಬೀಳಬೇಕು. ತಡವರಿಸಿದರೆ, ಎರಡು ಸಲ ಒತ್ತಬೇಕಾದರೆ ಬದಲಾಯಿಸಿ; ರಿಪೇರಿ ಮಾಡಿಸುವ ವಸ್ತುವಲ್ಲ ಅದು. ಬಟನ್ನನ್ನು ಮೂರು ತಿಂಗಳಿಗೊಮ್ಮೆಯಾದರೂ ಒತ್ತುತ್ತಿರಿ, ವರ್ಷಗಟ್ಟಲೆ ಅಲುಗಾಡದ ಮೆಕ್ಯಾನಿಸಂ ಹಿಡಿದುಕೊಳ್ಳುತ್ತದೆ.

ಬಟನ್ ಒತ್ತಿದಾಗ ಬಿತ್ತು ಎಂದ ಮಾತ್ರಕ್ಕೆ ಅರ್ತಿಂಗ್ ಸರಿಯಿದೆ ಎಂದಲ್ಲ. ಬಟನ್ ತನ್ನೊಳಗಿನ ರೆಸಿಸ್ಟರ್ ಮೂಲಕವೇ ಲೀಕೇಜ್ ಹುಟ್ಟಿಸುತ್ತದೆ. ಮನೆಗೆ ಅರ್ತಿಂಗೇ ಇಲ್ಲದಿದ್ದರೂ ಬೀಳುತ್ತದೆ. ಅರ್ತಿಂಗ್ ಇದ್ದರೆ ಗೀಸರ್ ಲೀಕ್ ಆದ ಕೂಡಲೇ ಟ್ರಿಪ್. ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೂ ಅದರ ಮೈಯಲ್ಲಿ ಕರೆಂಟು ಕಾದಿರುತ್ತದೆ. ಅದಕ್ಕೆ ಎಲೆಕ್ಟ್ರಿಷಿಯನ್ ಕರೆಸಿ ನೆಲದಲ್ಲಿ ತೋಡಿದ ಅರ್ತ್ ಗುಂಡಿಯ ರೆಸಿಸ್ಟೆನ್ಸನ್ನು ಅರ್ತ್ ಟೆಸ್ಟರ್‌ನಲ್ಲಿ, ಸಾಕೆಟ್‌ಗಳನ್ನು ಆರ್‌ಸಿಸಿಬಿ ಟೆಸ್ಟರ್‌ನಲ್ಲಿ ಅಳೆಸಿ. ಫೇಸಿಗೂ ಅರ್ತ್ ಪಿನ್ನಿಗೂ ಬಲ್ಬ್ ಹಿಡಿದು ನೋಡುವುದು ಬೇಡ: ಅರ್ತ್ ವೈರ್ ಎಲ್ಲೋ ತುಂಡಾಗಿದ್ದರೆ ಆ ಕ್ಷಣ ಫ್ರಿಜ್ಜು, ಮಿಕ್ಸಿಗಳ ಲೋಹದ ಮೈಗೂ ಕರೆಂಟ್ ಹತ್ತುತ್ತದೆ.

ದೂರು ಹೆಚ್ಚು ಬರುವುದು ಸುಮ್ಮಸುಮ್ಮನೆ ಬೀಳುತ್ತದೆ ಎಂದು. ಎಷ್ಟೋ ಸಲ ತಪ್ಪು ವೈರಿಂಗಿನದು. ಯುಪಿಎಸ್ ಲೈನಿನ ನ್ಯೂಟ್ರಲ್ಲನ್ನು ಆರ್‌ಸಿಸಿಬಿಯ ಆಚೆಗಿನ ನ್ಯೂಟ್ರಲ್ ಜತೆ ಸೇರಿಸಿರುತ್ತಾರೆ, ಲೆಕ್ಕ ತಪ್ಪುತ್ತದೆ. ಪತ್ತೆ ಮಾಡಲು ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಹಾಕುತ್ತ ಬನ್ನಿ. ಎಲ್ಲ ಇಳಿಸಿದರೂ ಬಿದ್ದರೆ ನ್ಯೂಟ್ರಲ್ ಎಲ್ಲೋ ಅರ್ತ್‌ಗೆ ತಾಗಿರಬಹುದು. ಸಿಂಗಲ್ ಪೋಲ್ ಎಂಸಿಬಿ ನ್ಯೂಟ್ರಲ್ಲನ್ನು ಕಡಿಯುವುದಿಲ್ಲ. ಆಗ ಮೇನ್ ಆಫ್ ಮಾಡಿ ನ್ಯೂಟ್ರಲ್ ಬಾರ್‌ನಿಂದ ವೈರುಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕು, ಅದು ಎಲೆಕ್ಟ್ರಿಷಿಯನ್ ಕೆಲಸ. ಯಾರಾದರೂ ಬೈಪಾಸ್ ಮಾಡಿಕೊಡುತ್ತೇನೆ ಎಂದರೆ ಖಂಡಿತ ಒಪ್ಪಬೇಡಿ.

ಒಣ ಮರದ ಸ್ಟೂಲಿನ ಮೇಲೆ ನಿಂತು ಎರಡೂ ಕೈಯಲ್ಲಿ ಫೇಸ್, ನ್ಯೂಟ್ರಲ್ ಹಿಡಿದವರನ್ನು ಆರ್‌ಸಿಸಿಬಿ ಉಳಿಸಲಾರದು. ಅದರ ಲೆಕ್ಕಕ್ಕೆ ಅವರೂ ಒಂದು ಬಲ್ಬಿನಂತೆಯೇ. ಓವರ್‌ಲೋಡನ್ನೂ ತಡೆಯುವುದಿಲ್ಲ, ಎಂಸಿಬಿ ಜತೆಗಿರಲೇಬೇಕು. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ಗೀಸರಿನ ತೊಂದರೆಗೆ ಫ್ರಿಜ್ಜೂ ಆಫ್ ಆಗುತ್ತದೆ. ಡಿಬಿಯಲ್ಲಿ ಜಾಗವಿದ್ದರೆ ಗೀಸರ್ ಲೈನನ್ನು ಅದರಿಂದ ಬೇರ್ಪಡಿಸಿ 30 ಮಿಲಿ ಆಂಪಿನ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡರ ಕೆಲಸವನ್ನೂ ಮಾಡುವಂಥದು) ಹಾಕಿಸಿ.