ಸಂದರ್ಶನವನ್ನೇ ಹಂಚುವುದಾ, ನಡೆದ ದಾರಿ ತೋರಿಸುವುದಾ?

ಗುಣಾತ್ಮಕ ಸಂಶೋಧನೆ (ಅಂಕಿಗಳ ಬದಲು ಜನರ ಮಾತು, ಅನುಭವ ನೋಡುವಂಥದ್ದು) ಮುಗಿದಿದೆ, ಕೈಯಲ್ಲಿ 20 ಸಂದರ್ಶನಗಳಿವೆ. ‘ಡೇಟಾ ಎಲ್ಲಿ?’ ಎಂದು ಲೇಖನ ಪ್ರಕಟಿಸುವ ಸಂಶೋಧನಾ ಪತ್ರಿಕೆಯವರು ಕೇಳುತ್ತಿದ್ದಾರೆ. ಏನು ಕೊಡುತ್ತೀರಿ?

ಸಂದರ್ಶನಗಳ ಬರಹರೂಪವನ್ನೇ ಆರ್ಕೈವ್‌ಗೆ (ಡೇಟಾ ಕಾಪಿಟ್ಟು ಹಂಚುವ ಸಂಗ್ರಹಕ್ಕೆ) ಕೊಟ್ಟರೆ ಲಾಭ ಜಾಸ್ತಿ. ನೀವು ಎತ್ತಿಕೊಂಡ ಎರಡು ಸಾಲಿನ ಹಿಂದೆ ಮುಂದೆ ಏನಿತ್ತು ಎಂದು ಓದುಗರೇ ನೋಡಬಹುದು. ಬೇರೆಯವರು ಹೊಸ ಪ್ರಶ್ನೆ ಹಿಡಿದು ಮತ್ತೆ ಓದಬಹುದು. ತೊಡಕಿರುವುದು ಗುರುತು ಮರೆಸುವಲ್ಲಿ. ಹೆಸರು ಅಳಿಸಿದರೆ ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ‘ರಾತ್ರಿ ಪಾಳಿಯಲ್ಲಿ ನಾನೊಬ್ಬನೇ ಗಂಡು ನರ್ಸ್’ ಎಂಬ ಸಾಲು ಉಳಿದರೆ, ಅದು ಯಾರೆಂದು ಇಡೀ ವಾರ್ಡಿಗೆ ಗೊತ್ತಾಗುತ್ತದೆ. ಅದನ್ನೂ ತೆಗೆದರೆ ಮಾತಿನ ಅರ್ಥವೇ ಹೋಗುತ್ತದೆ.

ಆಡಿಟ್ ಟ್ರೇಲ್‌ನಲ್ಲಿ, ಅಂದರೆ ಸಂಶೋಧನೆ ನಡೆದ ದಾರಿಯ ದಾಖಲೆಯಲ್ಲಿ, ಈ ತಲೆನೋವು ಕಡಿಮೆ. ಪ್ರಶ್ನೆಪಟ್ಟಿ, ಕೋಡ್‌ಬುಕ್ (ಮಾತುಗಳಿಗೆ ಅಂಟಿಸುವ ಹಣೆಪಟ್ಟಿಗಳ, ಅಂದರೆ ಕೋಡ್‌ಗಳ ಪಟ್ಟಿ), ದಿನಾಂಕ ಹಾಕಿದ ಮೆಮೊಗಳನ್ನು (ವಿಶ್ಲೇಷಣೆಯ ಟಿಪ್ಪಣಿಗಳನ್ನು) ಕೊಟ್ಟರಾಯಿತು. ‘ಬೇಸರ’ ಎಂಬ ಕೋಡ್ ಯಾಕೆ ‘ದಣಿವು’, ‘ಅವಮಾನ’ ಎಂದು ಎರಡಾಯಿತು ಎನ್ನುವುದು ಅಲ್ಲಿ ಕಾಣುತ್ತದೆ. ಆದರೆ ಮೂಲ ಮಾತು ಕಾಣುವುದಿಲ್ಲ. ಓದುಗರು ನಿಮ್ಮನ್ನು ಸುಮ್ನೆ ನಂಬಬೇಕು.

ಇನ್ನು ಪುನರಾವರ್ತನೆ. ಇನ್ನೊಬ್ಬರು ಓದಿದರೂ ಅದೇ ಫಲಿತಾಂಶ ಬರಲೇಬೇಕು ಎಂಬ ಹಟ ಇಲ್ಲಿ ಹೊಂದುವುದಿಲ್ಲ. ಓದುವವರು ಬದಲಾದರೆ ಓದೂ ಬದಲಾಗುತ್ತದೆ.

ನಡುದಾರಿಯೂ ಇದೆ. ಬ್ರಿಟನ್ನಿನ ಸಂಶೋಧನಾ ಡೇಟಾ ಸಂಗ್ರಹವಾದ ಯುಕೆ ಡೇಟಾ ಸರ್ವಿಸ್‌ನಲ್ಲಿ ಡೇಟಾ ನೋಡಲು ಮೂರು ಹಂತಗಳಿವೆ: ಮುಕ್ತ, ರಕ್ಷಿತ, ನಿಯಂತ್ರಿತ. ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಕ್ವಾಲಿಟೇಟಿವ್ ಡೇಟಾ ರೆಪಾಸಿಟರಿ ಎಂಬ ಗುಣಾತ್ಮಕ ಡೇಟಾ ಸಂಗ್ರಹದಲ್ಲೂ ಇಂಥ ನಿರ್ಬಂಧ ಹಾಕಬಹುದು. ವಿಷಯ ಸೂಕ್ಷ್ಮವಾಗಿದ್ದರೆ ನಾನು ಆಡಿಟ್ ಟ್ರೇಲ್ ತೆರೆದಿಟ್ಟು, ಸಂದರ್ಶನಗಳಿಗೆ ಬೀಗ ಹಾಕುತ್ತೇನೆ. ಒಪ್ಪಿಗೆ ಪತ್ರದಲ್ಲಿ ಹಂಚಿಕೆಯ ಮಾತೇ ಇಲ್ಲವೇ? ಹಾಗಿದ್ದರೆ 20 ಜನರಿಗೂ ಮತ್ತೆ ಫೋನ್ ಮಾಡಿ ಕೇಳಬೇಕು.